ಗೆದ್ದವರ ಅಂಗಿ

ಸಂಸತ್ತಿನ ಚುನಾವಣೆ ಒಮ್ಮೆ ಮುಗಿದರೆ ಸಾಕಪ್ಪ ಎಂದು ಊರಿಗೆ ಊರೇ ಕಿವಿ ಮುಚ್ಚಿಕೊಂಡು ಕೂತಿದ್ದ ದಿನಗಳಲ್ಲಿ, ಅದು ಮುಗಿಯಲೇಬಾರದು ಎಂದು ಮನಸಾರೆ ಬಯಸುತ್ತಿದ್ದ ಜೀವ ಒಂದೇ ಒಂದು. ಆ ಜೀವ ಅಭ್ಯರ್ಥಿಯಲ್ಲ, ಮೈಕಿನವನಲ್ಲ, ಬಾವುಟ ಹೊಲಿಯುವವನೂ ಅಲ್ಲ. ದೊಡ್ಡ ರಸ್ತೆಯ ಮೇಲಿನ ಕಾಲುಸೇತುವೆಯ ಮೆಟ್ಟಿಲ ಕೆಳಗೆ ನಿಂತು ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸು. ಬೀದಿಯ ಪಾಲಿಗೆ ಇಸ್ತ್ರಿ ಅಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು, ಯಾಕೆಂದರೆ ಮರುದಿನ ಹಾಕಿಕೊಳ್ಳುವ ಬಟ್ಟೆ ಅವಳ ಕೈಯಲ್ಲಿರುತ್ತಿತ್ತು.

ಮೆಟ್ಟಿಲ ಕೆಳಗಿನ ಜಾಗ ಎಂದರೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ನೆಲಕ್ಕೆ ತಾಗುವಷ್ಟು ತಗ್ಗು. ಎತ್ತರದ ಕಡೆ ಅಕ್ಕನ ಮೇಜು, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ತೂತಿನ ಡಬ್ಬಿ. ನಡುವೆ ಒಗೆದ ಬಟ್ಟೆಯ ಗಂಟುಗಳು. ತಗ್ಗಿನ ತುದಿಯಲ್ಲಿ, ದೊಡ್ಡವರು ತಲೆ ತೂರಿಸಲಾಗದ ಮೂಲೆಯಲ್ಲಿ, ಅಕ್ಕನ ಎರಡು ವರ್ಷದ ಮಗಳ ಹಾಸಿಗೆ. ಇಸ್ತ್ರಿಯಾದ ಬಟ್ಟೆಯ ಬಿಸಿ ಆ ಮೂಲೆಗೆ ಹರಿದು ಬರುತ್ತಿದ್ದುದರಿಂದ ಮಗು ಚಳಿಗಾಲದಲ್ಲೂ ಹೊದಿಕೆ ಒದ್ದು ಮಲಗುತ್ತಿತ್ತು. ತಲೆಯ ಮೇಲೆ ಊರಿನ ಜನರೆಲ್ಲ ಧಡಧಡನೆ ಹತ್ತಿ ಇಳಿದರೂ ಅದಕ್ಕೆ ಎಚ್ಚರವಾಗುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ಕಣ್ಣು ಬಿಡುತ್ತಿತ್ತು. ಸೇತುವೆ ಕಟ್ಟಿದ ವರ್ಷವೇ ಅಕ್ಕನ ಅಪ್ಪ ಆ ಜಾಗ ಹಿಡಿದಿದ್ದರು. ಅಪ್ಪ ಹೋದ ಮೇಲೆ ಅವಳಿಗೆ ಬಂದ ಆಸ್ತಿ ಇಷ್ಟು: ಆ ಇಸ್ತ್ರಿಪೆಟ್ಟಿಗೆ, ಅಂಗಿ ಮಡಿಸಲು ಒಳಗಿಡುವ ಒಂದು ರಟ್ಟು, ಮತ್ತು ಗಂಜಿಯ ಹದ. ಎಂಥ ಹೊಟ್ಟೆಯವರ ಅಂಗಿಯಾದರೂ ಆ ರಟ್ಟಿನ ಮೇಲೆ ಮಡಿಸಿದರೆ ಒಂದೇ ಅಳತೆಗೆ ಬರಬೇಕು ಎಂಬುದು ಅಪ್ಪನ ಹೆಮ್ಮೆ. ಆ ಹೆಮ್ಮೆಯೇ ಮುಂದೆ ತಲೆಯ ಮೇಲೆ ಬಂದು ಕೂತದ್ದು ಬೇರೆ ಮಾತು.

ಚುನಾವಣೆ ಘೋಷಣೆಯಾಗುವ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ನಗರಸಭೆಯ ಜವಾನ ಬಂದು, "ಅಕ್ಕಾ, ಸ್ವಲ್ಪ ಗಂಜಿ ಇದ್ರೆ ಕೊಡಿ, ಗೋಂದು ಆಫೀಸಲ್ಲೇ ಮರೆತುಬಿಟ್ಟೆ" ಎಂದ. ಅಕ್ಕ ಒಂದು ಬಟ್ಟಲು ಗಂಜಿ ಕೊಟ್ಟಳು. ಅವನು ಅದನ್ನು ಅವಳ ತಲೆಯ ಪಕ್ಕದ ಕಂಬಕ್ಕೆ ಬಳಿದು, ಅದರ ಮೇಲೆ ಒಂದು ಕಾಗದ ಅಂಟಿಸಿ, ಬಟ್ಟಲು ತೊಳೆದುಕೊಟ್ಟು ಹೋದ. ಸೇತುವೆಯ ಅಂದ ಹೆಚ್ಚಿಸಲು ಮೆಟ್ಟಿಲ ಕೆಳಗಿನ ಜಾಗ ತೆರವು ಮಾಡಬೇಕು ಎಂದು ಕಾಗದದಲ್ಲಿತ್ತು. ಅಕ್ಕ ಕಿತ್ತು ಬಿಸಾಡೋಣವೆಂದು ಉಗುರು ಹಾಕಿದಳು. ಬರಲಿಲ್ಲ. ಹದವಾದ ಗಂಜಿ. ತನ್ನ ಕೈಗುಣಕ್ಕೆ ತಾನೇ ಶಾಪ ಹಾಕಿಕೊಂಡ ಮೊದಲ ದಿನ ಅದು.

ಅಷ್ಟರಲ್ಲಿ ಚುನಾವಣೆ ಬಂತು, ದೇವರು ಬಂದ ಹಾಗೆ. ನಗರಸಭೆಯ ಇನ್ಸ್‌ಪೆಕ್ಟರು ತಮ್ಮ ಸಮವಸ್ತ್ರ ಒಯ್ಯಲು ಬಂದವರು ಕಾಗದದ ಕಡೆ ನೋಡಿ, ಈಗ ನೀತಿಸಂಹಿತೆ ಇದೆ, ಫಲಿತಾಂಶ ಬರುವವರೆಗೂ ಒಂದು ಕಲ್ಲು ಕೂಡ ಎತ್ತುವ ಹಾಗಿಲ್ಲ, ನೀನು ನಿಶ್ಚಿಂತೆಯಿಂದ ಇಸ್ತ್ರಿ ಹಾಕಮ್ಮ ಎಂದು ಸಮಾಧಾನ ಹೇಳಿದರು. ಫಲಿತಾಂಶ ಬಂದ ಮೇಲೆ ಎಂದು ಅಕ್ಕ ಕೇಳಿದ್ದಕ್ಕೆ, ಬಂದ ಮೇಲೆ ನೋಡಿಕೊಳ್ಳೋಣ ಎಂದು ಪ್ಯಾಂಟಿನ ಗೆರೆಯನ್ನು ಬೆರಳಲ್ಲಿ ಸವರಿ ಮೆಚ್ಚಿಕೊಂಡು ಹೋದರು. ಹೀಗಾಗಿ ದೇಶದ ಭವಿಷ್ಯವೂ ಅಕ್ಕನ ಮೇಜಿನ ಭವಿಷ್ಯವೂ ಒಂದೇ ದಿನಕ್ಕೆ ನಿಗದಿಯಾದವು.

ಅಕ್ಕನ ಗಂಡನಿಗೆ ಬೀದಿಯವರು ಇಟ್ಟ ಹೆಸರು ವಾರ್ತೆ. ಮನೆಮನೆಗೆ ಬಟ್ಟೆ ತಲುಪಿಸುವುದು ಅವನ ಕೆಲಸ. ಸೈಕಲ್ಲಿನ ಹಿಂದೆ ಬಟ್ಟೆ ಹೇರಿಕೊಂಡು ಹೋಗಿ, ಸುದ್ದಿ ಹೇರಿಕೊಂಡು ಬರುತ್ತಿದ್ದ. ಕೆಟ್ಟವನಲ್ಲ, ಮಗಳನ್ನು ಕಂಡರೆ ಪ್ರಾಣ. ಆದರೆ ಯಾವ ದೇಶದಲ್ಲಿ ಯಾವ ಪ್ರಧಾನಿಗೆ ನೆಗಡಿಯಾಗಿದೆ ಎಂದು ಗೊತ್ತಿರುತ್ತಿದ್ದ ಅವನಿಗೆ ಮನೆಯಲ್ಲಿ ಇದ್ದಿಲು ಮುಗಿದದ್ದು ಗೊತ್ತಿರುತ್ತಿರಲಿಲ್ಲ. ಅವನ ಬುದ್ಧಿವಂತಿಕೆಯಿಂದ ಅಕ್ಕನ ಅಂಗಡಿಗೆ ಬಂದ ಸುಧಾರಣೆ ಒಂದೇ, ಅದು ದಾರದ್ದು.

ಯಾರ ಬಟ್ಟೆ ಯಾರದು ಎಂದು ತಿಳಿಯಲು ಕಾಲರಿನ ಒಳಗೆ ಒಂದು ಸಣ್ಣ ಹೊಲಿಗೆ ಹಾಕುವುದು ಅಕ್ಕನ ಮನೆತನದ ರೂಢಿ. ಹೆಡ್‌ಮಾಸ್ತರರಿಗೆ ಕೆಂಪು ದಾರ, ಔಷಧದಂಗಡಿಯವರಿಗೆ ಹಸಿರು, ಇನ್ಸ್‌ಪೆಕ್ಟರಿಗೆ ಕಪ್ಪು. ಬೀದಿಯ ಆ ತುದಿ ಈ ತುದಿಯಲ್ಲಿದ್ದ ಇಬ್ಬರು ನಾಯಕರಿಗೆ ಯಾವ ಬಣ್ಣ ಎಂಬ ಪ್ರಶ್ನೆ ಬಂದಾಗ ವಾರ್ತೆಯೇ ಸಲಹೆ ಕೊಟ್ಟದ್ದು: ಅವರವರ ಪಕ್ಷದ ಬಣ್ಣ ಹಾಕು, ಮರೆಯೋ ಪ್ರಶ್ನೆನೇ ಇಲ್ಲ. ಆಗ ಅಕ್ಕ ಬಸುರಿ, ವಾದ ಮಾಡುವ ಶಕ್ತಿಯಿರಲಿಲ್ಲ. ಆಗಲಿ ಎಂದಳು.

ಇಬ್ಬರಲ್ಲಿ ಒಬ್ಬರು ರಸ್ತೆ ಗುತ್ತಿಗೆದಾರರು. ಅವರ ಅಂಗಿ ಹರಡಿದರೆ ಮೇಜು ಸಾಲುತ್ತಿರಲಿಲ್ಲ, ಮಗು ಅದರ ತೋಳಿನೊಳಗೆ ತೂರಿ ಇನ್ನೊಂದು ಕಡೆ ಬರುತ್ತಿತ್ತು. ಅಕ್ಕ ಅವರನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ದಪ್ಪಣ್ಣ ಎಂದು. ಇನ್ನೊಬ್ಬರು ವಕೀಲರು. ಅವರ ಅಂಗಿಗೂ ದಿಂಬಿನ ಚೀಲಕ್ಕೂ ತೋಳಿನಷ್ಟೇ ವ್ಯತ್ಯಾಸ. ಅವರು ಸಣ್ಣಣ್ಣ. ದಪ್ಪಣ್ಣ ನೇರಳೆ ಪಕ್ಷದವರು, ಸಣ್ಣಣ್ಣ ಹಳದಿ ಪಕ್ಷದವರು. ನೇರಳೆ ದಾರ ದಪ್ಪಣ್ಣನಿಗೆ, ಹಳದಿ ದಾರ ಸಣ್ಣಣ್ಣನಿಗೆ. ಎರಡು ವರ್ಷ ಎಲ್ಲವೂ ಸುಸೂತ್ರ. ತತ್ವನಿಷ್ಠೆ ಎಂಬುದು ದಾರಕ್ಕಾದರೂ ಇತ್ತು.

ಈ ಚುನಾವಣೆಗೆ ನೇರಳೆಯವರು ದಪ್ಪಣ್ಣನಿಗೆ ಟಿಕೆಟ್ಟು ಇಲ್ಲ ಎಂದರು. ಅವತ್ತು ಸಂಜೆಯೇ ದಪ್ಪಣ್ಣನ ಅಂತರಾತ್ಮ ಎಚ್ಚರಗೊಂಡು ಹಳದಿ ಪಕ್ಷಕ್ಕೆ ನಡೆಯಿತು. ಹಳದಿಯವರು ಸಣ್ಣಣ್ಣನ ಟಿಕೆಟ್ಟು ಕಿತ್ತು ದಪ್ಪಣ್ಣನಿಗೆ ಕೊಟ್ಟರು. ಮರುದಿನ ಸಣ್ಣಣ್ಣನ ಅಂತರಾತ್ಮವೂ ನಿದ್ದೆ ಬಿಟ್ಟೆದ್ದು, ಖಾಲಿ ಬಿದ್ದಿದ್ದ ನೇರಳೆ ಟಿಕೆಟ್ಟಿನ ಮೇಲೆ ಹೋಗಿ ಕೂತಿತು. ಇಬ್ಬರೂ ಮನೆ ಬದಲಾಯಿಸಿದರು, ಸಾಮಾನು ಬದಲಾಯಿಸಲಿಲ್ಲ. ಅದೇ ಭಾಷಣ, ಪಕ್ಷದ ಹೆಸರಷ್ಟೇ ಅದಲುಬದಲು. ಒಮ್ಮೆ ದಪ್ಪಣ್ಣ ಬಾಯಿತಪ್ಪಿ ಹಳೇ ಪಕ್ಷಕ್ಕೇ ಮತ ಕೇಳಿದರಂತೆ. ಜನ ಆಗಲೂ ಚಪ್ಪಾಳೆ ತಟ್ಟಿದರಂತೆ. ವಾರ್ತೆ ಇದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕ. ಅಕ್ಕ ನಗುತ್ತಲೇ ದಪ್ಪಣ್ಣನ ಕಾಲರಿಗೆ ಎಂದಿನಂತೆ ನೇರಳೆ ದಾರ ಹಾಕಿದಳು. ಮನುಷ್ಯ ಅವನೇ, ಹೊಟ್ಟೆ ಅದೇ, ದಾರ ಯಾಕೆ ಬದಲಾಯಿಸಲಿ? ಇದನ್ನು ಗಂಡನಿಗೆ ಹೇಳಬೇಕು ಎಂದು ಅವಳಿಗೆ ತೋಚಲಿಲ್ಲ. ಬಟ್ಟೆ ಮಡಿಸಿ ಕಾಗದ ಸುತ್ತಿ, ಇದು ಇವರಿಗೆ, ಇದು ಅವರಿಗೆ ಎಂದು ಕೈಗಿಡುತ್ತಿದ್ದವಳು ಅವಳೇ. ಅವನದು ಸೈಕಲ್ ತುಳಿಯುವ ಕೆಲಸವಷ್ಟೇ.

ಪ್ರಚಾರಕ್ಕೆ ಇಬ್ಬರೂ ಮೆಟ್ಟಿಲ ಕೆಳಗೆ ಬಂದರು. ಅಷ್ಟು ವರ್ಷ ಅವರ ಅಂಗಿಗಳು ಮಾತ್ರ ಬರುತ್ತಿದ್ದವು, ಒಳಗಿದ್ದವರು ಬಂದದ್ದು ಅದೇ ಮೊದಲು. ದಪ್ಪಣ್ಣ ಬಗ್ಗಲಾಗದೆ ಹೊರಗೇ ನಿಂತು, ಕಂಬದ ಮೇಲಿನ ಕಾಗದ ನೋಡಿ ಕಣ್ಣು ಒದ್ದೆ ಮಾಡಿಕೊಂಡರು.

"ನಾನಿರೋವಾಗ ಯಾರಮ್ಮ ನಿನ್ನ ಎಬ್ಬಿಸೋರು?" ಎಂದರು. "ನನ್ನನ್ನ ಗೆಲ್ಲಿಸು, ಈ ಮೆಟ್ಟಿಲ ಕೆಳಗಿಂದ ಒಂದು ಇದ್ದಿಲು ಕೂಡ ಅಲುಗಾಡಲ್ಲ. ಇದು ನನ್ನ ಮಾತು."

ಮಾತಿಗೆ ಸಾಕ್ಷಿಯಾಗಿ ಒಂದು ಫೋಟೋ ಬೇಕಾಯಿತು. ಅಕ್ಕನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಮೇಜಿನ ಮೇಲಿದ್ದ ಪ್ಯಾಂಟಿನ ಮೇಲಿಟ್ಟು, ಕ್ಯಾಮೆರಾದ ಕಡೆ ತಿರುಗಿ ನಕ್ಕರು. ಕ್ಯಾಮೆರಾದವನು ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಹೊಗೆ ಬಂದಾಗಲೇ ಎಲ್ಲರೂ ಕೆಳಗೆ ನೋಡಿದ್ದು. ಹೆಡ್‌ಮಾಸ್ತರರ ಪ್ಯಾಂಟಿನ ಮೇಲೆ ಒಂದು ತ್ರಿಕೋನ ಶಾಶ್ವತವಾಗಿ ಮೂಡಿತ್ತು. ಶ್ರಮಿಕರ ಕಷ್ಟ ಬಲ್ಲ ನಾಯಕ ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಹೆಡ್‌ಮಾಸ್ತರರ ಕಷ್ಟ ಬಲ್ಲವಳು ಅಕ್ಕ ಒಬ್ಬಳೇ.

ಸಣ್ಣಣ್ಣ ಬಂದವರು ಸಲೀಸಾಗಿ ಒಳಗೆ ನುಗ್ಗಿ, ಮಲಗಿದ್ದ ಮಗುವನ್ನು ಎತ್ತಿಕೊಂಡರು. ನಿಮ್ಮ ವಿಷಯವನ್ನು ನಾನು ಸಂಸತ್ತಿನಲ್ಲಿ ಎತ್ತುತ್ತೇನೆ ಎಂದರು. ವಿಷಯ ಏನು ಎಂದು ಕೇಳಲಿಲ್ಲ. ನಿದ್ದೆಗೆಟ್ಟ ಮಗು ತನ್ನ ವಿಷಯವನ್ನು ಅಲ್ಲೇ, ಅವರ ಮಡಿಲಲ್ಲೇ ಮಂಡಿಸಿತು. ಪಂಚೆ ಒದ್ದೆಯಾದ ಫೋಟೋದ ಕೆಳಗೆ ಮಮತೆಯಲ್ಲಿ ತೊಯ್ದ ಜನನಾಯಕ ಎಂದು ಅಚ್ಚಾಯಿತು.

ಇಬ್ಬರ ಭಾಷಣದಲ್ಲೂ ದೇಶದ ಗಡಿಯದೇ ಮಾತು. ಒಂದು ಅಂಗುಲ ನೆಲವನ್ನೂ ಬಿಟ್ಟುಕೊಡೆವು ಎಂದು ಇಬ್ಬರೂ ಗುಡುಗುತ್ತಿದ್ದರು. ಅಜ್ಜಿಗೆ ಅರಿವೆ ಚಿಂತೆ ಎಂಬ ಹಾಗೆ ಅಕ್ಕನಿಗೆ ಮೆಟ್ಟಿಲ ಚಿಂತೆ. ಅವಳ ದೇಶ ಕಂಬದಿಂದ ಕಂಬಕ್ಕೆ, ಅದರ ಗಡಿಯಲ್ಲಿ ಒಂದು ಮಗು ಬಾಯಿ ತೆರೆದು ಮಲಗಿತ್ತು. ಬೇರೆ ಕಡೆ ಮಳಿಗೆ ಹಿಡಿಯೋಣ ಎಂದು ಗಂಡ ಹೇಳಿದಾಗ ಅಕ್ಕ ಒಂದೇ ಮಾತು ಕೇಳಿದಳು: "ಬಾಗಿಲು ಹಾಕಿರೋ ಮಳಿಗೇಲಿ ಇದ್ದಿಲ ಹೊಗೆ ನಡುವೆ ಇವಳನ್ನ ಎಲ್ಲಿ ಮಲಗಿಸ್ಲಿ? ನಿಮ್ಮ ಸೈಕಲ್ ಮೇಲಾ?" ಅವನು ಬೇರೆ ದೇಶದ ಸುದ್ದಿಗೆ ಹೊರಳಿದ.

ಅಕ್ಕ ಮತ ಹಾಕಿ ಬಂದಳು. ಯಾರಿಗೆ ಎಂದು ಗಂಡನಿಗೂ ಹೇಳಲಿಲ್ಲ. ಬೆರಳ ಮೇಲಿನ ಶಾಯಿ ಗಂಜಿ ನೀರಿಗೆ ಹೋಗುತ್ತದೋ ಎಂದು ನೋಡಿದಳು. ಹೋಗಲಿಲ್ಲ. ನಗರಸಭೆಯ ಕಾಗದವೂ ಹೋಗಿರಲಿಲ್ಲ.

ಫಲಿತಾಂಶಕ್ಕೆ ಮುಂಚೆ ಇಬ್ಬರ ಮನೆಯಿಂದಲೂ ಒಂದೊಂದು ಹೊಸ ಬಿಳಿ ಅಂಗಿ ಬಂತು. ಒಂದೇ ಅಂಗಡಿಯ ಬಟ್ಟೆ, ಒಂದೇ ಬಿಳುಪು. ವಿಜಯದ ಮೆರವಣಿಗೆಗೆ, ಗಂಜಿ ಖಡಕ್ಕಾಗಿರಲಿ ಎಂದು ಇಬ್ಬರ ಆಳುಗಳೂ ಒಂದೇ ಮಾತು ಹೇಳಿದರು. ಗೆಲ್ಲುವವರು ಒಬ್ಬರೇ ಎಂಬ ನಿಯಮ ಚುನಾವಣೆಗೆ ಇರಬಹುದು, ಗಂಜಿಗಿಲ್ಲ. ಅಕ್ಕ ಎರಡಕ್ಕೂ ಒಂದೇ ಪಾತ್ರೆಯ ಗಂಜಿ ಹಾಕಿ, ಕಾಲರಿಗೆ ದಾರ ಹಾಕಿ, ಇಸ್ತ್ರಿ ಮಾಡಿ, ಅಪ್ಪನ ರಟ್ಟಿನ ಮೇಲೆ ಮಡಿಸಿಟ್ಟಳು. ಎರಡೂ ಒಂದೇ ಅಳತೆ. ಒಂದರ ಪಕ್ಕ ಒಂದಿಟ್ಟರೆ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು.

ಎಣಿಕೆಯ ಬೆಳಗ್ಗೆ ಮಗುವಿಗೆ ಕಿವಿನೋವು. ಒಂದೇ ಸಮನೆ ಅಳು. ಅಕ್ಕ ಅದನ್ನು ಸೊಂಟಕ್ಕೆ ಹಾಕಿಕೊಂಡು ದವಾಖಾನೆಗೆ ಓಡುವಾಗ, ಅಂಗಿಗಳನ್ನು ಕಾಗದ ಸುತ್ತಿ ಕೊಟ್ಟುಬನ್ನಿ, ದಾರ ನೋಡಿಕೊಳ್ಳಿ ಎಂದು ಗಂಡನಿಗೆ ಕೂಗಿ ಹೇಳಿದಳು. ವಾರ್ತೆ ದಾರ ನೋಡಿದ. ದೇಶದ ರಾಜಕೀಯ ಅರೆದು ಕುಡಿದವನು ನೋಡುವ ಹಾಗೆ ನೋಡಿದ. ನೇರಳೆ ದಾರ ಇದೆ, ನೇರಳೆ ಪಕ್ಷದ ಅಭ್ಯರ್ಥಿ ಈಗ ಯಾರು? ಸಣ್ಣಣ್ಣ. ಹಳದಿ ಪಕ್ಷದ ಅಭ್ಯರ್ಥಿ? ದಪ್ಪಣ್ಣ. ದಾರ ಹಾಕಿದವಳು ಮನುಷ್ಯರನ್ನು ನೋಡಿದ್ದಳು, ದಾರ ಓದಿದವನು ಪತ್ರಿಕೆ ಓದಿದ್ದ. ನೇರಳೆ ದಾರದ ಅಂಗಿ ಸಣ್ಣಣ್ಣನ ಮನೆಗೆ, ಹಳದಿ ದಾರದ್ದು ದಪ್ಪಣ್ಣನ ಮನೆಗೆ ಹೋಯಿತು. ಪತ್ರಿಕೆ ಓದದ ಯಾವ ದಡ್ಡನೂ ಈ ತಪ್ಪು ಮಾಡುತ್ತಿರಲಿಲ್ಲ.

ಕಿವಿಗೆ ಔಷಧ ಬಿಟ್ಟ ಮೇಲೆ ಮಗು ಬಿಕ್ಕುತ್ತಾ ಭುಜದ ಮೇಲೆ ನಿದ್ದೆಹೋಯಿತು. ಅಕ್ಕ ವಾಪಸು ಬಂದಾಗ ಮೆಟ್ಟಿಲೆದುರಿನ ಟೀ ಅಂಗಡಿಯ ಟಿವಿ ಮುಂದೆ ಜಾತ್ರೆಯಷ್ಟು ಜನ. ಬೆಳಗ್ಗೆಯಿಂದ ಮುನ್ನಡೆ, ಹಿನ್ನಡೆ, ಮತ್ತೆ ಮುನ್ನಡೆ ಎಂದು ಊರನ್ನು ಉಯ್ಯಾಲೆಯಲ್ಲಿ ತೂಗಿದ ಮೇಲೆ ದಪ್ಪಣ್ಣ ಗೆದ್ದರು ಎಂದು ಬಂತು. ಅಕ್ಕ ಉಸಿರು ಬಿಟ್ಟಳು. ಒಂದು ಇದ್ದಿಲು ಕೂಡ ಅಲುಗಾಡಲ್ಲ ಎಂದವರು ಇವರೇ ತಾನೆ.

ಆಗ ಟಿವಿಯಲ್ಲಿ ದಪ್ಪಣ್ಣ ತೆರೆದ ವಾಹನದ ಮೇಲೆ ಕಾಣಿಸಿಕೊಂಡರು. ಕತ್ತಿಗೆ ಹಾರದ ಮೇಲೆ ಹಾರ. ಹಾರಗಳ ಸಂದಿಯಲ್ಲಿ ಅಂಗಿ ಕಂಡಿತು. ಮೇಲಿನ ಒಂದು ಗುಂಡಿ ಮಾತ್ರ ಹಾಕಿತ್ತು, ಉಳಿದ ಗುಂಡಿಗಳೂ ಅವುಗಳ ಕಾಜಗಳೂ ದೂರದಿಂದಲೇ ಒಂದನ್ನೊಂದು ನೋಡುತ್ತಿದ್ದವು. ತೋಳು ಮೊಣಕೈಗೇ ನಿಂತು ಮುಂದೆ ಹೋಗಲಾರೆ ಎನ್ನುತ್ತಿತ್ತು. ಅಕ್ಕನ ಕೈ ತಾನಾಗಿ ಬಾಯಿಗೆ ಹೋಯಿತು. ಕೆಳಗಿನಿಂದ ಜನ ಜೈಕಾರ ಹಾಕಿದರು. ದಪ್ಪಣ್ಣ ಎರಡೂ ಕೈ ಎತ್ತಿದರು. ಖಡಕ್ ಗಂಜಿಯ ಬಟ್ಟೆ ಹರಿಯುವ ಸದ್ದು ಮೈಕಿನಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಕಂಕುಳಿನಿಂದ ಸೊಂಟದವರೆಗೆ ಅಂಗಿ ಎರಡಾಯಿತು.

ಟೀ ಅಂಗಡಿಯವರು ಅಕ್ಕನ ಕಡೆ ತಿರುಗಿ, "ನಿನ್ನ ಕೈ ಇಸ್ತ್ರಿ ತಾನೇ ಅದು? ಗೆರೆ ನೋಡಿದ್ರೇ ಗೊತ್ತಾಗುತ್ತೆ" ಎಂದರು. ಹೊಗಳಿಕೆ ಇಷ್ಟು ಬೇಡದ ಹೊತ್ತಿನಲ್ಲಿ ಅವಳಿಗೆ ಎಂದೂ ಬಂದಿರಲಿಲ್ಲ.

ಮುಂದೆ ಸಣ್ಣಣ್ಣನನ್ನು ತೋರಿಸಿದರು. ಎಣಿಕೆ ಕೇಂದ್ರದ ಬಾಗಿಲಲ್ಲಿ ಒಂದು ಡೇರೆ ನಿಂತಿತ್ತು, ಡೇರೆಯ ಮೇಲ್ತುದಿಯಲ್ಲಿ ಅವರ ತಲೆ. ಸೋಲಿನ ಆಘಾತಕ್ಕೆ ನಾಯಕರು ಒಂದೇ ಬೆಳಗಿನಲ್ಲಿ ಅರ್ಧಕ್ಕೆ ಇಳಿದುಹೋಗಿದ್ದಾರೆ ಎಂದು ಟಿವಿಯ ಹುಡುಗಿ ಮರುಗಿದಳು. ಕೋಟು ಹಾಕಿದ ಪಂಡಿತರು ನಾಲ್ವರು ಕೂತು ಹರಿದ ಅಂಗಿಯ ಬಗ್ಗೆ ಚರ್ಚೆ ಮಾಡಿದರು. ಜನರ ಪ್ರೀತಿ ಕಂಡು ಎದೆ ಉಬ್ಬಿ ಅಂಗಿ ಹರಿಯಿತು, ಇಂಥದ್ದು ಪ್ರಜಾಪ್ರಭುತ್ವದಲ್ಲಿ ಅಪರೂಪ ಎಂದು ತೀರ್ಮಾನಕ್ಕೆ ಬಂದರು. ಉಬ್ಬಿದ್ದು ಎದೆಯಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ವಾರ್ತೆ ಸೈಕಲ್ ತಳ್ಳಿಕೊಂಡು ಬಂದ. ಹೆಂಡತಿಯ ಮುಖ ನೋಡಿದ, ಟಿವಿ ನೋಡಿದ, ಮತ್ತೆ ಹೆಂಡತಿಯ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನ ಬಳಿ ಸುದ್ದಿ ಇರಲಿಲ್ಲ.

"ದಾರ ನೋಡಿದ್ರಾ?" ಎಂದಳು ಅಕ್ಕ.

"ನೋಡ್ದೆ ಕಣೇ. ಪಕ್ಷದ ಪ್ರಕಾರವೇ ಕೊಟ್ಟೆ."

ಅಕ್ಕ ಮಗುವನ್ನು ಮೂಲೆಯಲ್ಲಿ ಮಲಗಿಸಿ, ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ, ಬಾಯಲ್ಲಿ ಊದತೊಡಗಿದಳು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಬೇರೆ ಯಾಕೋ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮರುದಿನ ಇನ್ಸ್‌ಪೆಕ್ಟರು ಸೀಮೆಸುಣ್ಣ ಹಿಡಿದು ಬಂದರು. ಮೈಮೇಲಿದ್ದದ್ದು ಅಕ್ಕನೇ ಇಸ್ತ್ರಿ ಹಾಕಿದ ಸಮವಸ್ತ್ರ. ಫಲಿತಾಂಶ ಬಂತಲ್ಲಮ್ಮ ಎಂದು, ನೋವಿನಿಂದಲೇ, ಮೇಜಿನ ಸುತ್ತ ಗೆರೆ ಎಳೆದರು. ಕೆಡವುವ ಯಂತ್ರ ನಾಳೆ ಬರುತ್ತದೆ, ಸಾಮಾನು ಎತ್ತಿಟ್ಟುಕೋ ಎಂದರು. ಮಗು ಗೆರೆ ಕಂಡು ಆಟವೆಂದು ಒಂದೇ ಕಾಲಲ್ಲಿ ನೆಗೆಯಲು ನೋಡಿ ಕುಕ್ಕರುಬಡಿಯಿತು. ಅಷ್ಟರಲ್ಲಿ ದಪ್ಪಣ್ಣನ ಆಪ್ತಸಹಾಯಕ ಬಂದು, ಸಾಹೇಬರು ಇಸ್ತ್ರಿ ಅಕ್ಕನನ್ನು ಕೂಡಲೇ ಕರೆದಿದ್ದಾರೆ ಎಂದ. ಇನ್ಸ್‌ಪೆಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಕರೆದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ತಿಳಿಯುವ ತನಕ ಯಾರ ಪಕ್ಕವೂ ನಿಲ್ಲಬಾರದು ಎಂಬುದು ಅವರ ಇಲಾಖೆಯ ಅನುಭವ.

ಅಕ್ಕ ಮಗುವನ್ನು ಎತ್ತಿಕೊಂಡು ಹೋದಳು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಳು. ತಪ್ಪು ನನ್ನದಲ್ಲ, ಗಂಡನದು ಎನ್ನಬೇಕೆಂದುಕೊಂಡು, ಅದು ಬಾಯಿಗೆ ಬರಲಾರದೆಂದು ಬಿಟ್ಟಳು.

ದಪ್ಪಣ್ಣ ಬನಿಯನ್ನಿನಲ್ಲಿ ಸೋಫಾದ ಮೇಲೆ ಹರಡಿದ್ದರು. ಬಾಡಿದ ಹಾರಗಳು ಕುರ್ಚಿ, ಕಪಾಟು, ಟಿವಿಯ ಮೇಲೆಲ್ಲ ನೇತಾಡುತ್ತಿದ್ದವು. ಮುಂದಿನ ಮೇಜಿನ ಮೇಲೆ ಆ ಹರಿದ ಅಂಗಿ. ಅಕ್ಕ ಬೈಗುಳಕ್ಕೆ ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ. ದಪ್ಪಣ್ಣನ ಮುಖದಲ್ಲಿ ಹೊಸ ತಾಯಿಯ ಕಳೆ ಇತ್ತು.

ಈ ಅಂಗಿ ಈಗ ಸಾಮಾನ್ಯ ಅಂಗಿಯಲ್ಲ ಎಂದರು. ರಾಜಧಾನಿಯಲ್ಲೆಲ್ಲ ಇದೇ ಮಾತಂತೆ. ಎದೆ ಉಬ್ಬಿದ ನಾಯಕ ಎಂದು ಮಂತ್ರಿ ಪಟ್ಟಕ್ಕೆ ಹೆಸರು ಕೇಳಿಬರುತ್ತಿದೆಯಂತೆ. ಹೊಲಿಯಬಾರದು, ಒಗೆದು ಗಂಜಿ ಹಾಕಿ ಕೊಡು, ಗಾಜಿನ ಚೌಕಟ್ಟು ಹಾಕಿಸಿ ಪಕ್ಷದ ಕಚೇರಿಯಲ್ಲಿ ತೂಗುಹಾಕಿಸುತ್ತೇನೆ ಎಂದರು. ಅಂಗಿ ತಮಗೆ ಯಾಕೆ ಸಾಲಲಿಲ್ಲ ಎಂಬ ಪ್ರಶ್ನೆ ಅವರಿಗೆ ಬಂದೇ ಇರಲಿಲ್ಲ. ಗೆದ್ದ ಮೇಲೆ ಮನುಷ್ಯ ದೊಡ್ಡವನಾಗುವುದು ಸಹಜ ಎಂದುಕೊಂಡಿದ್ದರು.

ಅಕ್ಕ ನೀರಿನಿಂದ ಮೇಲೆ ಬಂದವಳ ಹಾಗೆ ಉಸಿರಾಡಿದಳು. ಒಳ್ಳೆಯ ಗಳಿಗೆ ಎಂದು ಮೆಟ್ಟಿಲ ಮಾತು ತೆಗೆದಳು. ನಾಳೆ ಯಂತ್ರ ಬರುತ್ತದಂತೆ, ತಾವು ಅವತ್ತು ಮಾತು ಕೊಟ್ಟಿದ್ದಿರಿ ಎಂದಳು.

ದಪ್ಪಣ್ಣ ಕಿವಿ ಕೆರೆದುಕೊಂಡರು. "ಮೆಟ್ಟಿಲು ನಗರಸಭೆದು ಕಣಮ್ಮ. ನನ್ನದೀಗ ದೇಶದ ಮಟ್ಟ. ಅಷ್ಟು ಕೆಳಗೆ ಕೈ ಹಾಕಿದ್ರೆ ಚೆನ್ನಾಗಿರಲ್ಲ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಅಕ್ಕನಿಗೂ ಗೊತ್ತಿತ್ತು. ಆದರೆ ಇವರು ಹೊಳೆ ದಾಟಿದರೂ, ದಾಟಿಸಿದ ಅಂಗಿ ಇನ್ನೂ ಎದುರಿಗೇ ಬಿದ್ದಿತ್ತು. ಅವಳು ನಿದ್ದೆಹೋಗಿದ್ದ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಮೇಜಿನ ಮೇಲಿನ ಅಂಗಿ ಎತ್ತಿಕೊಂಡು ಕಾಲರು ಮಗುಚಿದಳು.

"ಅಣ್ಣಾ, ಒಂದು ಮಾತು ಕೇಳಬೇಕಿತ್ತು. ಚೌಕಟ್ಟು ಹಾಕಿಸೋವಾಗ ಈ ದಾರ ಇರಲಾ, ಬಿಚ್ಚಿಬಿಡಲಾ?"

"ಯಾವ ದಾರ?" ಎಂದು ದಪ್ಪಣ್ಣ ಬಗ್ಗಿದರು. "ಹಳದಿ. ನಮ್ಮ ಪಕ್ಷದ ಬಣ್ಣ ತಾನೇ, ಇರಲಿ, ಚೆನ್ನಾಗಿದೆ."

"ನಿಮ್ಮ ಪಕ್ಷದ್ದಲ್ಲ ಅಣ್ಣಾ. ವಕೀಲರದ್ದು. ಅವರು ಹಳದಿಯಲ್ಲಿದ್ದಾಗ ಹಾಕಿದ ಗುರುತು. ನೀವೆಲ್ಲ ಆಚೆ ಈಚೆ ಆದ್ರಿ, ನಮ್ಮ ದಾರ ಇದ್ದಲ್ಲೇ ಇದೆ."

ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಸದ್ದು ನಿಂತದ್ದಕ್ಕೆ ಮಗು ಕಣ್ಣು ಬಿಟ್ಟಿತು.

"ಅಂದ್ರೆ ಇದು..." ಎಂದರು ದಪ್ಪಣ್ಣ.

"ಸೋತವರ ಅಂಗಿ," ಎಂದಳು ಅಕ್ಕ, ಗಂಜಿಯ ಹದ ಹೇಳುವಷ್ಟೇ ಮೃದುವಾಗಿ. "ತಪ್ಪು ನಮ್ಮದೇ, ಅದಲುಬದಲಾಗಿದೆ. ನಾನ್ಯಾರಿಗೂ ಹೇಳಿಲ್ಲ. ಆದ್ರೆ ಟಿವಿಯೋರು ಟೀ ಅಂಗಡಿ ಹತ್ರ ಓಡಾಡ್ತಿದ್ದಾರೆ, ಈ ಅಂಗಿಗೆ ಇಸ್ತ್ರಿ ಹಾಕಿದ್ದು ಯಾರು ಅಂತ. ಮೆಟ್ಟಿಲ ಕೆಳಗೆ ಕೆಲಸದಲ್ಲಿದ್ರೆ ನನಗೆ ಮಾತಾಡೋಕೆ ಬಿಡುವಿರಲ್ಲ. ಜಾಗ ಹೋಗಿ ರಸ್ತೆ ಬದೀಲಿ ಕೂತ್ರೆ ಬಿಡುವೇ ಬಿಡುವು ನೋಡಿ."

ದಪ್ಪಣ್ಣ ಅವಳನ್ನು ನೋಡಿದರು. ಸಂಸತ್ತಿನಲ್ಲಿ ಎದುರು ಪಕ್ಷ ಎಂದರೆ ಏನು ಎಂಬುದು ಅವರಿಗೆ ಪ್ರಮಾಣವಚನಕ್ಕೂ ಮುಂಚೆಯೇ ಗೊತ್ತಾಯಿತು. ಸಹಾಯಕನ ಕಡೆ ಕೈ ಚಾಚಿದರು, ಅವನು ಫೋನು ಕೊಟ್ಟ. ಬಡವರ ಹೊಟ್ಟೆಯ ಮೇಲೆ ಹೊಡೆಯಲು ನಾನಿರುವ ತನಕ ಬಿಡುವುದಿಲ್ಲ ಎಂದು ನಗರಸಭೆಯವರಿಗೆ ಗದರಿದರು. ಗದರುತ್ತಾ ಗದರುತ್ತಾ ತಮ್ಮ ಮಾತಿಗೆ ತಾವೇ ಕರಗಿ, ಅವತ್ತಿನ ಹಾಗೆ ಕಣ್ಣು ಒದ್ದೆ ಮಾಡಿಕೊಂಡರು. ಫೋನು ಇಟ್ಟ ಮೇಲೆ, ಅಂಗಿಯನ್ನು ಆ ದಾರ ಬಿಚ್ಚಿ, ಒಗೆದು, ಬೇಗ ಕೊಡು ಎಂದರು.

"ಆಗಲಿ ಅಣ್ಣಾ, ಗಂಜಿ ಒಣಗಿದ ತಕ್ಷಣ" ಎಂದು ಅಕ್ಕ ಅಂಗಿಯನ್ನು ಮಗುವಿಗೆ ಹೊದಿಸಿಕೊಂಡು ಹೊರಟಳು.

ಅವಳು ಬರುವ ಹೊತ್ತಿಗೆ ಇನ್ಸ್‌ಪೆಕ್ಟರು ತಾವು ಎಳೆದ ಗೆರೆಯನ್ನು ತಾವೇ ಕಾಲಲ್ಲಿ ಉಜ್ಜುತ್ತಿದ್ದರು. ಮುಂದಿನ ಆದೇಶದವರೆಗೆ ತೆರವು ಇಲ್ಲ, ಕಂಬದ ಕಾಗದ ಮಾತ್ರ ಇರಲಿ ಎಂದರು. ಸುಣ್ಣ ಹತ್ತಿದ ಪ್ಯಾಂಟನ್ನು ಸಂಜೆಯೇ ಒಗೆಯಲು ಕಳಿಸಿದರು.

ಆ ವಾರ ಸಣ್ಣಣ್ಣ ತಾವೇ ನಡೆದು ಬಂದು ಡೇರೆಯನ್ನು ಮೇಜಿನ ಮೇಲಿಟ್ಟರು. ವಕೀಲರು, ಕಾಲರಿನಲ್ಲಿ ತಮ್ಮ ಹಳದಿಯ ಬದಲು ನೇರಳೆ ದಾರ ನೋಡಿದ ಕೂಡಲೇ ಅವರಿಗೆ ಎಲ್ಲ ಹೊಳೆದಿತ್ತು. ನನ್ನ ಅಂಗಿ ಕೊಡಮ್ಮ, ನನಗದು ಸಾಕ್ಷಿಗೆ ಬೇಕು, ಆತ ನನ್ನ ಟಿಕೆಟ್ಟೂ ಕಿತ್ತುಕೊಂಡ, ನನ್ನ ಅಂಗಿಯೂ ಹರಿದ ಎಂದು ಜನರ ಮುಂದೆ ಹೇಳುತ್ತೇನೆ ಎಂದರು. ಅಕ್ಕ ಅವರಿಗೆ ಕೂರಲು ಗಂಟಿನ ಮೇಲೆ ಜಾಗ ಮಾಡಿಕೊಟ್ಟು, ತುಂಬಾ ವಿನಯದಿಂದ, ಗಂಜಿ ಇನ್ನೂ ಒಣಗಿಲ್ಲ ಎಂದಳು. ಹೊರಗೆ ಸುಡುಬಿಸಿಲಿತ್ತು. ಸಣ್ಣಣ್ಣ ಬಿಸಿಲನ್ನೂ ಅವಳನ್ನೂ ನೋಡಿ, ವಾದಕ್ಕೆ ನಿಲ್ಲದೆ ಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೆಡ್‌ಮಾಸ್ತರರ ತ್ರಿಕೋನದ ಮೇಲೆ ಅಕ್ಕ ಒಂದು ಜೇಬು ಹೊಲಿದುಕೊಟ್ಟಳು. ಅವರು ಅದರಲ್ಲಿ ಕನ್ನಡಕ ಇಡುತ್ತಾರೆ.

ಮೂರು ತಿಂಗಳಲ್ಲಿ ರಾಜಧಾನಿಯಲ್ಲಿ ಬಹುಮತ ಸಾಲದೆ ಒಂದಿಷ್ಟು ಅಂತರಾತ್ಮಗಳು ಮತ್ತೆ ಎಚ್ಚರಗೊಂಡವು. ವಾರ್ತೆ ಸೈಕಲ್ಲನ್ನು ನಿಲ್ಲಿಸುವ ಮುಂಚೆಯೇ ಕೂಗಿದ: ದಪ್ಪಣ್ಣನೂ ಸಣ್ಣಣ್ಣನೂ ಈಗ ಒಂದೇ ಪಕ್ಷ, ತಬ್ಬಿಕೊಂಡ ಫೋಟೋ ಬಂದಿದೆ. ಸಣ್ಣಣ್ಣನಿಗೆ ಯಾವುದೋ ಮಂಡಳಿಯ ಅಧ್ಯಕ್ಷಗಿರಿಯಂತೆ, ಸೋತು ಗೆದ್ದವರು ಅವರೇ ಎಂದ. ಆಮೇಲೆ ದನಿ ಇಳಿಸಿ, "ಇಬ್ಬರೂ ಒಂದಾದ್ರೆ ನಮ್ಮ ಅಂಗಿಗೆ ಇನ್ನೇನೇ ಬೆಲೆ? ಜಾಗ ಹೋಯ್ತು ಅಂತ್ಲೇ ಲೆಕ್ಕ" ಎಂದು ಮುಖ ಸಪ್ಪಗೆ ಮಾಡಿಕೊಂಡ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಯೋಚಿಸಿದಳು. "ಮುಂದಿನ ಸಲ ಟಿಕೆಟ್ ಎಷ್ಟು ಕೊಡ್ತಾರೆ ಒಂದು ಪಕ್ಷದಿಂದ?"

"ಒಂದೇ."

"ಮತ್ತೆ? ಒಂದು ಟಿಕೆಟ್ಟಿಗೆ ಇಬ್ಬರು. ಈಗಲೇ ಆ ಅಂಗೀನ ಹುಷಾರಾಗಿ ಇಟ್ಕೋಬೇಕು ನಾವು."

ವಾರ್ತೆಗೆ ಅಷ್ಟು ವರ್ಷ ಪತ್ರಿಕೆ ಓದಿದ್ದಕ್ಕೆ ಅವತ್ತು ಸ್ವಲ್ಪ ನಾಚಿಕೆಯಾದ ಹಾಗೆ ಕಂಡಿತು.

ಅಕ್ಕ ಆ ಸಂಜೆ ಇಬ್ಬರ ಬಟ್ಟೆಯಿಂದಲೂ ಹಳದಿ ನೇರಳೆ ಎಲ್ಲ ದಾರ ಬಿಚ್ಚಿದಳು. ಇಬ್ಬರಿಗೂ ನೀಲಿ ದಾರವನ್ನೇ ಹಾಕಿದಳು, ದಪ್ಪಣ್ಣನಿಗೆ ಉದ್ದ ಹೊಲಿಗೆ, ಸಣ್ಣಣ್ಣನಿಗೆ ಗಿಡ್ಡ. ಪಕ್ಷ ಎಷ್ಟು ಸಲವಾದರೂ ಬದಲಾಗಲಿ, ಹೊಟ್ಟೆಯ ಬಗ್ಗೆ ಇಬ್ಬರ ನಿಷ್ಠೆಯಲ್ಲೂ ಅವಳಿಗೆ ಸಂಶಯವಿರಲಿಲ್ಲ.

ಹರಿದ ಅಂಗಿ ಮಾತ್ರ ತಗ್ಗಿನ ಮೂಲೆಯಲ್ಲಿ, ಮಗಳ ಹಾಸಿಗೆಯ ಕೆಳಗೆ, ಹಳದಿ ದಾರದ ಸಮೇತ ಮಡಿಸಿ ಮಲಗಿದೆ. ಒಳ್ಳೆಯ ಬಟ್ಟೆ, ಮಗುವಿನ ಮೈಗೆ ಹಿತ. ದಪ್ಪಣ್ಣನ ಸಹಾಯಕ ಈಗಲೂ ಆಗಾಗ ಬಂದು ಚೌಕಟ್ಟು ಸಿದ್ಧವಾಗಿದೆ, ಅಂಗಿ ಎಲ್ಲಿ ಎಂದು ಕೇಳುತ್ತಾನೆ. ಅಕ್ಕ ಕಂಬದ ಮೇಲಿನ ಕಾಗದದ ಕಡೆ ನೋಡುತ್ತಾಳೆ. ಅವಳ ಗಂಜಿಯಿಂದಲೇ ಅಂಟಿದ ಕಾಗದ, ಇನ್ನೂ ಅಲ್ಲೇ ಇದೆ. ಇಸ್ತ್ರಿಪೆಟ್ಟಿಗೆಗೆ ಒಂದು ಹಿಡಿ ಇದ್ದಿಲು ಹಾಕಿ, ಮಗು ಏಳದ ಹಾಗೆ ಮೆಲ್ಲಗೆ ಹೇಳುತ್ತಾಳೆ:

"ಒಣಗಿಲ್ಲ ಕಣಪ್ಪ. ಆ 'ಮುಂದಿನ ಆದೇಶ' ಬಂದು ಈ ಕಾಗದ ಕಂಬದಿಂದ ಇಳೀಲಿ, ಆಮೇಲೆ ನೋಡೋಣ."